ನಲವತ್ತು ಗ್ರಾಂ ಸಿಪ್ಪೆ

೧

ಹದಿನಾಲ್ಕನೇ ಮಹಡಿಯ ಬಾಣಸಿಗನ ಮನೆಯಲ್ಲಿ ಕಸವಿರಲಿಲ್ಲ.

ಕಥೆಯನ್ನು ಹೀಗೆ ಶುರು ಮಾಡಬಹುದೇ? ಕಸವಿಲ್ಲದಿರುವುದೂ ಒಂದು ಕೊರತೆಯೇ ಎಂದು ನೀವು ಕೇಳುತ್ತೀರಿ. ಇಪ್ಪತ್ತೆರಡು ಮಹಡಿಯ ಆ ಕಟ್ಟಡದಲ್ಲಿ ಕೊರತೆಯೇ. ಅಲ್ಲಿ ಕಸ ಕಡಿಮೆ ಮಾಡುವ ‘ಹಸಿರು ಮನೆ’ ಎಂಬ ಕಾರ್ಯಕ್ರಮವಿತ್ತು. ದಿನಾ ಬೆಳಿಗ್ಗೆ, ಎಲ್ಲರೂ ತೂಕದಕ್ಕ ಎಂದು ಕರೆಯುವ ಕೆಲಸದವಳು ತಕ್ಕಡಿ ಹಿಡಿದು ಮನೆಮನೆಯ ಬೆಲ್ ಒತ್ತುತ್ತಿದ್ದಳು, ಹಸಿಕಸ ತೂಗಿ ಬರೆದುಕೊಳ್ಳುತ್ತಿದ್ದಳು. ಏಳು ದಿನ ಏನೂ ಕೊಡದ ಮನೆಯನ್ನು ಖಾಲಿ ಮನೆಯೆಂದು ಪಟ್ಟಿಯಿಂದ ತೆಗೆಯುತ್ತಿದ್ದರು. ಆಮೇಲೆ ಆ ಬೆಲ್ ಒತ್ತುವವರಿಲ್ಲ.

(ಮೊದಲ ಡ್ರಾಫ್ಟ್ ಭೂಮಿ ಬಿಸಿಯಾಗುತ್ತಿರುವುದರಿಂದ ಶುರುವಾಗಿತ್ತು. ಎರಡನೇ ಪ್ಯಾರಾಕ್ಕೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. ಅದು ಒಣಕಸ, ಲೆಕ್ಕಕ್ಕಿಲ್ಲ.)

೨

ಕಾರ್ಯಕ್ರಮದಿಂದ ಉಪಯೋಗವಾಯಿತೇ ಎಂದು ನೋಡಲು ಒಬ್ಬಳು ಬಂದಳು. ಹುದ್ದೆ ಮೌಲ್ಯಮಾಪಕಿ. ವಯಸ್ಸು ಆ ಪದದಷ್ಟು ಭಾರದ್ದಲ್ಲ. ನೆಲಮಾಳಿಗೆಯಲ್ಲಿ ಕೂತು ರಿಜಿಸ್ಟರ್ ತಿರುವಿದಳು. ಎಲ್ಲ ಮನೆಗಳ ತೂಕ ನೆಂಟರು ಬಂದರೆ ಏರುತ್ತಿತ್ತು, ಊರಿಗೆ ಹೋದರೆ ಇಳಿಯುತ್ತಿತ್ತು. ೧೪೦೨ರದ್ದು ಮಾತ್ರ ಮೂರು ತಿಂಗಳಿಂದ ದಿನಾ ನಲವತ್ತು ಗ್ರಾಂ.

“ಅಕ್ಕಾ, ಇದು ಕೂತಲ್ಲೇ ಬರೆದದ್ದಲ್ವಾ?”

“ಕೂತಲ್ಲೇನಾ? ಇಪ್ಪತ್ತೆರಡು ಮಹಡಿ ಸುತ್ತೋಳಿಗೆ ಕೂರೋ ಭಾಗ್ಯ ಎಲ್ಲಿಂದ ಬರ್ಬೇಕು? ಬನ್ನಿ, ನೀವೇ ನೋಡಿ.”

೩

ಬೆಲ್ ಮುಗಿಯುವ ಮೊದಲೇ ಬಾಗಿಲು ತೆರೆಯಿತು. ತೆರೆದವನು ಬಾಣಸಿಗ, ಮೂವತ್ತು ವರ್ಷ ಹೋಟೆಲಿನಲ್ಲಿ ಅಡುಗೆ ಮಾಡಿದವನು. ಅನ್ನನಾಳದ ಆಪರೇಷನ್ ಆದಮೇಲೆ ಅವನ ಊಟವೆಂದರೆ ಡಬ್ಬಿಯ ಪುಡಿ. ನೀರಿಗೆ ಕದಡಿ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಬಿಟ್ಟುಕೊಳ್ಳಬೇಕು. ಬಾಗಿಲು ದಾಟಿ ತಿಂಗಳುಗಳಾಗಿದ್ದವು. ತರಕಾರಿಯವನು ಚೀಲವನ್ನು ಹೊರಗಿಟ್ಟು, ಫೋಟೊ ಹೊಡೆದು ಹೋಗುತ್ತಾನೆ, ಬೆಲ್ ಒತ್ತುವುದಿಲ್ಲ.

ಒಲೆ ತಣ್ಣಗಿತ್ತು. ಮಣೆಯ ಮೇಲೆ ಹೆರೆದ ಎರಡು ಕ್ಯಾರೆಟ್, ಪಕ್ಕದಲ್ಲಿ ಸಿಪ್ಪೆ.

“ಸಿಪ್ಪೆ ನಿಮ್ಮ ಕಾರ್ಯಕ್ರಮಕ್ಕೆ, ಕ್ಯಾರೆಟ್ ಇವಳಿಗೆ,” ಅಂದ.

“ಅಂದ್ರೆ... ಕಸಕ್ಕೋಸ್ಕರ ತರಕಾರಿ ತರಿಸ್ತೀರಾ?”

“ಮತ್ತಿನ್ನೇನು? ಕಸ ಇಲ್ದಿದ್ರೆ ಇವಳು ಬರೋ ಹಾಗಿಲ್ಲ. ರೂಲ್ಸ್ ನಿಮ್ಮೋರದೇ.”

“ಕ್ಯಾರೆಟ್ ತಿಂದೂ ತಿಂದೂ ನನ್ನ ಕಣ್ಣು ಎಷ್ಟು ಚುರುಕಾಗಿದೆ ಅಂದ್ರೆ, ಮೇಡಂ ಫಾರ್ಮಿನ ಸಣ್ಣಕ್ಷರನೂ ಕಾಣ್ತಿದೆ,” ಎಂದಳು ತೂಕದಕ್ಕ. ಸಿಪ್ಪೆ ತೂಗಿ, “ಇವತ್ತು ಮೂವತ್ತೆಂಟೇ. ಕೈ ಸೋತಿದೆ ನಿಮ್ದು.”

“ಸಾಧ್ಯನೇ ಇಲ್ಲ. ಹೆಬ್ಬೆರಳು ತೆಗಿ.”

ತಟ್ಟೆಗೆ ಕೆಳಗಿಂದ ಕೊಟ್ಟಿದ್ದ ಹೆಬ್ಬೆರಳನ್ನು ಅವಳು ತೆಗೆದಳು. ನಲವತ್ತು. ಇಬ್ಬರೂ ನಕ್ಕರು. ಈ ಆಟ ದಿನಾ ನಡೆಯುತ್ತದೆಂದು ಮೌಲ್ಯಮಾಪಕಿಗೆ ಯಾರೂ ಹೇಳಬೇಕಾಗಲಿಲ್ಲ.

೪

ಫಾರ್ಮಿನ ಕೊನೆಯ ಪ್ರಶ್ನೆ: ಮನೆಬಾಗಿಲಲ್ಲೇ ತೂಗುವುದು ಅಗತ್ಯವೇ? ಹೌದು / ಇಲ್ಲ.

ಉತ್ತರ ಅವಳಿಗೆ ಗೊತ್ತಿತ್ತು: ಇಲ್ಲ. ಪಕ್ಕದ ಬ್ಲಾಕಿನಲ್ಲಿ ಯಾರೂ ತೂಗುವುದಿಲ್ಲ. ಜನ ತಾವೇ ಇಳಿದು ಡಬ್ಬಕ್ಕೆ ಹಾಕುತ್ತಾರೆ. ಅಲ್ಲೂ ಕಸ ಇಷ್ಟೇ ಇಳಿದಿದೆ. ‘ಇಲ್ಲ’ ಎಂದರೂ ತೂಕದಕ್ಕನಿಗೆ ನೆಲಮಾಳಿಗೆಯಲ್ಲಿ ಕೆಲಸ ಸಿಗುತ್ತದೆ. ನಿಲ್ಲುವುದು ೧೪೦೨ರ ಬೆಳಗಿನ ಬೆಲ್ ಮಾತ್ರ.

(ಇಲ್ಲಿ ಬಾಣಸಿಗನನ್ನು ಸಾಯಿಸಿ ಕಥೆ ಮುಗಿಸಲು ನೋಡಿದೆ. ಅವನು ಒಪ್ಪಲಿಲ್ಲ. “ಅನ್ನನಾಳ ಹೋಗಿದೆ ಸ್ವಾಮಿ, ಪ್ರಾಣ ಹೋಗಿಲ್ಲ. ನಿಮಗೆ ಮುಗಿಸೋಕೆ ಬರ್ದಿದ್ರೆ ನಾನ್ಯಾಕೆ ಸಾಯ್ಲಿ?”)

ಅಂತ್ಯ ಒಂದು: ಅವಳು ‘ಹೌದು’ ಎಂದು ಗುರುತು ಹಾಕುತ್ತಾಳೆ.

(ಮೌಲ್ಯಮಾಪಕಿ: “ಇದುವರೆಗೆ ಒಂದು ವರದಿಯಲ್ಲೂ ಸುಳ್ಳು ಬರೆದಿಲ್ಲ ನಾನು. ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ.”)

ಅಂತ್ಯ ಎರಡು: ‘ಇಲ್ಲ’. ಆದರೂ ತೂಕದಕ್ಕ ದಿನಾ ತಾನಾಗಿ ಮೇಲೆ ಹೋಗಿ ಬರುತ್ತಾಳೆ.

(ತೂಕದಕ್ಕ: “ಬೆಳಿಗ್ಗೆಯಿಂದ ಕಸ ಬೇರೆ ಮಾಡೋಳನ್ನ ಹದಿನಾಲ್ಕನೇ ಮಹಡಿಗೆ ಯಾರು ಬಿಡ್ತಾರೆ? ನಿಮಗೇನು, ಬರೆದುಬಿಡ್ತೀರಿ.”)

ಮೂರನೆಯದನ್ನು ನಾನು ಬರೆಯುವುದಿಲ್ಲ. ಮೌಲ್ಯಮಾಪಕಿ ಎರಡು ಪದಗಳ ನಡುವೆ ಪೆನ್ನು ಹಿಡಿದು ಕೂತಿದ್ದಾಳೆ, ಅಲ್ಲೇ ಬಿಡೋಣ ಅನ್ನಿಸಿತು. ತೆರೆದ ಅಂತ್ಯ, ಓದುಗರ ಸ್ವಾತಂತ್ರ್ಯ, ಇತ್ಯಾದಿ.

ಆದರೆ ಕಟ್ಟಡದ ಸಮಿತಿಗೆ ಇಂಥ ಕಥೆಗಳು ಅರ್ಥವಾಗುವುದಿಲ್ಲ. ಅದು ಲಿಫ್ಟಿನೊಳಗೆ ನೋಟಿಸ್ ಅಂಟಿಸಿತು: ವರದಿ ಕೈಸೇರುವವರೆಗೆ ತೂಕ ನಿಲ್ಲಿಸಲಾಗಿದೆ.

ಅವಳು ಇನ್ನೂ ಯೋಚಿಸುತ್ತಿದ್ದಾಳೆ. ನಾನೂ. ಮೇಲೆ ಅವನು ಬೆಳಿಗ್ಗೆ ಹೆರೆದಿಟ್ಟು ಕಾಯುತ್ತಾನೆ. ಮಧ್ಯಾಹ್ನ ಕ್ಯಾರೆಟ್ಟನ್ನೂ ಸಿಪ್ಪೆಯನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟುತ್ತಾನೆ.

ಇಂದಿಗೆ ಹನ್ನೊಂದು ದಿನ. ಯಾರೂ ಒತ್ತದ ಹನ್ನೊಂದು ಬೆಲ್, ಇಪ್ಪತ್ತೆರಡು ಕ್ಯಾರೆಟ್.