ಇಪ್ಪತ್ತೈದರ ಕಟ್ಟು

ನಿಪ್ಪಾಣಿಯ ಆ ಶಾಲೆಯಲ್ಲಿ ಒಂದನೇ, ಎರಡನೇ ಇಯತ್ತೆಯ ಮಕ್ಕಳೆಲ್ಲ ಒಂದೇ ಖೋಲಿಯಲ್ಲಿ, ಹರಿದ ಗೋಣಿತಟ್ಟಿನ ಮೇಲೆ ಕೂರುತ್ತಿದ್ದರು. ಕಪ್ಪು ಹಲಗೆ ಮಳೆನೀರು ಕುಡಿದು ಉಬ್ಬಿತ್ತು. ಎಂಬತ್ತೇಳನೇ ಇಸವಿಯಲ್ಲಿ ಅಲ್ಲಿಗೆ ಮಾಸ್ತರನಾಗಿ ಬಂದ ಗಂಗಾರಾಮ, ಹಲಗೆಯ ಆಸೆ ಬಿಟ್ಟು, ಚಿಕ್ಕೋಡಿಯ ತರಬೇತಿಯಲ್ಲಿ ಕಲಿತ ಆಟಗಳನ್ನು ಆಡಿಸತೊಡಗಿದ.

ಮೂವರು ಮಕ್ಕಳ ಕೊರಳಿಗೆ ರಟ್ಟು ನೇತುಹಾಕುವನು. ಒಂದರಲ್ಲಿ ‘ಎಮ್ಮೆ’, ಒಂದರಲ್ಲಿ ‘ಹುಲ್ಲು’, ಇನ್ನೊಂದರಲ್ಲಿ ‘ತಿಂದಿತು’. ಸರಿಯಾಗಿ ಸಾಲು ನಿಂತರೆ ವಾಕ್ಯ. ತಪ್ಪಿ ನಿಂತರೆ ಉಳಿದವರು ಕೂಗುವರು: “ಸರ, ಹುಲ್ಲು ಎಮ್ಮೀನ ತಿಂತ್ರಿ!”

ಎಣಿಕೆಗೆ ಹುಣಸೆ ಬೀಜ ತರಿಸಿದ. ಎರಡು ದಿನದಲ್ಲಿ ಮಕ್ಕಳು ಅವನ್ನು ಹುರಿದು ತಿಂದಿದ್ದರು.

ಶಾಲೆಯ ಮಂಡಳಿಗೆ ಅಧ್ಯಕ್ಷ ಆಬಾಸಾಹೇಬ, ಬೀಡಿ ಕಾರ್ಖಾನೆಯ ಧಣಿ. ಕೇಳಿ ಹೊಟ್ಟೆ ಕುಣಿಸಿ ನಕ್ಕ.

“ಬೀಜಾ ಯಾಕ್ರೀ ಮಾಸ್ತರ? ನಮ್ಮಲ್ಲಿ ಛಾಟ ಬೀಡಿ ರಗಡ ಬಿದ್ದಾವ. ಕಳಸ್ತೀನಿ, ಎಣಸ್ಲಿ.”

ಹೆಂಗಸರು ಮನೆಯಲ್ಲಿ ಸುತ್ತಿ ತಂದ ಬೀಡಿಯಲ್ಲಿ, ಕೆಟ್ಟಿದೆ ಎಂದು ಕಾರ್ಖಾನೆಯವರು ಆರಿಸಿ ತೆಗೆದದ್ದು ಛಾಟ. ಅದಕ್ಕೆ ಕೂಲಿಯಿಲ್ಲ. ಮರಳಿ ಕೊಡುವುದೂ ಇಲ್ಲ. ಗಂಗಾರಾಮನಿಗೆ ಇದು ಗೊತ್ತಿತ್ತು. ಅವನ ಅವ್ವ ಭೀಮಾಬಾಯಿ ಬೀಡಿ ಸುತ್ತಿಯೇ ಅವನನ್ನು ಬಿ.ಎ. ಓದಿಸಿದ್ದಳು. ಅವನು ಅವಳ ತಂಬಾಕಿನ ಮೊರಕ್ಕೆ ಕೈ ಚಾಚಿದರೆ ಛಟಾರನೆ ಹೊಡೆಯುತ್ತಿದ್ದಳು. ಆದರೂ ಅವನು “ಹೂನ್ರಿ” ಎಂದ. ನೌಕರಿ ಕೊಟ್ಟವನು ಆಬಾಸಾಹೇಬ.

“ಮತ್ತ ಹತ್ತರ ಕಟ್ಟ ಬ್ಯಾಡ. ಇಪ್ಪತ್ತೈದರ ಕಟ್ಟ ಕಟ್ಟಸ್ರಿ. ಮಗ್ಗಿನೂ ಬಂದಂಗಾತು,” ಎಂದ ಧಣಿ.

ಹತ್ತರ ಕಟ್ಟಿನಿಂದಲೇ ಬಿಡಿ, ಹತ್ತು, ನೂರರ ಸ್ಥಾನ ಕಲಿಸಬೇಕೆಂದು ತರಬೇತಿಯಲ್ಲಿ ಹೇಳಿದ್ದರು. ಗಂಗಾರಾಮ ಅದನ್ನು ಹೇಳಲಿಲ್ಲ.

ಧಣಿಯ ಆಳು ಮಲಕಾರಿ ಬೆಳಿಗ್ಗೆ ಬುಟ್ಟಿ ತಂದಿಡುವನು, ಸಂಜೆ ಹೊತ್ತೊಯ್ಯುವನು. ಮಕ್ಕಳು ಮಗ್ಗಿ ಹಾಡುತ್ತ ಕಟ್ಟುವರು. ಸಡಿಲಾಗಿದ್ದರೆ ಮಲಕಾರಿ ಗದರುವನು: “ಘಟ್ಟಿ ಕಟ್ರಲೇ!” ಲೆಕ್ಕಕ್ಕೆ ಗಟ್ಟಿ ಯಾಕೆ ಬೇಕು? ಆ ಪ್ರಶ್ನೆ ಕೇಳದೆ ಗಂಗಾರಾಮ ಹಾಜರಿ ಪುಸ್ತಕ ತೆರೆಯುವನು.

ಒಂದು ಸಂಜೆ, ಮಗಳು ಶೇವಂತಾಳನ್ನು ಕರೆದೊಯ್ಯಲು ದುಂಡವ್ವ ಬಂದಳು. ಮಗಳ ಮಡಿಲಲ್ಲಿದ್ದ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದಳು.

“ಇವು ನನ್ನ ಬೀಡಿ.”

“ಎಲ್ಲಾ ಬೀಡಿ ಒಂದ ಕಾಣತಾವ, ಹೋಗ ಯಕ್ಕಾ,” ಎಂದ ಮಲಕಾರಿ.

“ದಾರ ಸಾಲಲಿಲ್ಲಂತ ನನ್ನ ಸೀರಿ ಅಂಚಿಂದ ಹಸರ ಎಳಿ ಹಿರದು ಸುತ್ತೀನಿ, ನೋಡು. ನಿನ್ನಿ ನನ್ನ ಮುಂದನ ಛಾಟ ಅಂತ ತಗದ್ರು.” ಅವಳು ಮಾಸ್ತರನ ಕಡೆ ತಿರುಗಿದಳು. “ಎಣಿಸಿದ ಮ್ಯಾಲ ಇವು ಎಲ್ಲಿ ಹೋಗ್ತಾವ್ರಿ?”

ಗಂಗಾರಾಮ ಮಲಕಾರಿಯನ್ನು ನೋಡಿದ.

“ಲೇಬಲ್ ಹಚ್ಚಾಕ. ಪ್ಯಾಟ್ಯಾಗ ಇಪ್ಪತ್ತೈದರ ಕಟ್ಟನ ಮಾರತಾವ,” ಎಂದ ಮಲಕಾರಿ. “ಮಾಸ್ತರಿಗೆ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ ಎನ್ನಲು ಬಾಯಿ ತೆರೆದ. ಅದು ಪೂರ್ತಿ ನಿಜವಲ್ಲವೆಂದು ತಾನೇ ತಿಳಿದು ಮುಚ್ಚಿದ.

ದುಂಡವ್ವ ಮಗಳ ಅಂಗೈ ತಿರುವಿ ಅವನ ಮುಂದೆ ಹಿಡಿದಳು. ಬೆರಳ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. “ಈ ಕೈಗೆ ತಂಬಾಕ ಹತ್ತಬಾರ್ದಂತ ಸಾಲಿಗಿ ಕಳಸೀನ್ರಿ. ನೀವು ಭೀಮಕ್ಕನ ಮಗ ಅಲ್ಲೇನು?”

ದುಂಡವ್ವ ಕುಕ್ಕರುಗಾಲಲ್ಲಿ ಕೂತು ಕಟ್ಟು ಬಿಚ್ಚಿದಳು. ಹಸಿರು ಎಳೆಯವನ್ನು ಸೆರಗಿಗೆ ಹಾಕಿಕೊಂಡಳು. “ಎಲ್ಲಾ ಬಿಚ್ಚರಿ. ಪುಕ್ಕಟ ಕಟ್ಟಿಕೊಡೂದು ಇವತ್ತಿಗೆ ಮುಗೀತು.”

ಮಕ್ಕಳು ಮಾಸ್ತರನ ಮುಖ ನೋಡಿದರು.

“ನೌಕರಿ ನೆನಪಿರ್ಲಿ ಮಾಸ್ತರ,” ಎಂದ ಮಲಕಾರಿ, ಮೆತ್ತಗೆ.

ಮಕ್ಕಳು ಮಾಸ್ತರನ ಒಂದು ಮಾತಿಗೆ ಕಾದರು. ಕೊನೆಗೆ ಶೇವಂತಾ ಕಾಯಲಿಲ್ಲ. ಅವಳು ಬಿಚ್ಚಿದಳು. ಪಕ್ಕದವರು ಬಿಚ್ಚಿದರು. ಖೋಲಿಯ ತುಂಬ ಬೀಡಿ ಉದುರುವ ಸಣ್ಣ ಸದ್ದು.

ಎಲ್ಲರಿಗಿಂತ ತಡವಾಗಿ ಗಂಗಾರಾಮ ನೆಲಕ್ಕೆ ಕೂತ. ಒಂದು ಕಟ್ಟು ಎತ್ತಿಕೊಂಡ. ಅವನ ಉಗುರಿಗೆ ಗಂಟು ಸಿಗಲಿಲ್ಲ. ಅವ್ವ ಈ ಕೆಲಸ ಅವನಿಗೆ ಬಾರದಂತೆ ಕಾದಿದ್ದಳು.

“ಕೊಡ್ರಿ ಸರ,” ಶೇವಂತಾ ಕಂದು ಬೆರಳು ಚಾಚಿದಳು. “ನಿಮಗ ಬರೂದಿಲ್ಲ.”

ಅವನು ಕೊಡಲಿಲ್ಲ. ತಲೆ ತಗ್ಗಿಸಿ ಗಂಟನ್ನು ಹಲ್ಲಿನಿಂದ ಕಚ್ಚಿದ. ತಂಬಾಕಿನ ಕಹಿ ಮೊದಲ ಸಲ ಅವನ ನಾಲಿಗೆಗೆ ಹತ್ತಿತು.