ಸೈಲಸ್‌ನ ಕೊನೆಯ ಕಾರ್ಡು

ಮೈಕ್ರೋಫಿಲ್ಮ್ ಯಂತ್ರದ ಬೂದು ಪರದೆಯ ಮೇಲೆ ಅಕ್ಷರಗಳು ಸರಸರ ಜಾರುತ್ತಿವೆ, ಹಿಡಿಕೆ ಒಂದಿಷ್ಟು ಜೋರಾಗಿ ತಿರುಗಿಸಿದರೆ ಸಾಕು, ನೂರು ಜನ ಒಂದೇ ಉಸಿರಿಗೆ ಹಾದುಹೋಗುತ್ತಾರೆ, ನಿಧಾನ, ಮೈಥಿಲಿ ಕೈ ಹಗುರ ಮಾಡಿದಳು — ನಾರ್ತ್ ಕೆರೊಲೈನಾದ ಕಾಲಾಳುಗಳು, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತು ಸೋತ ದಕ್ಷಿಣದವರು, ಒಬ್ಬೊಬ್ಬನಿಗೂ ಎರಡು ತಿಂಗಳಿಗೊಂದು ಹಾಜರಿ ಕಾರ್ಡು, ಹಾಜರು, ಹಾಜರು, ಜ್ವರ, ಸೆರೆ, ಆಮೇಲೆ ಕಾರ್ಡೇ ಇಲ್ಲ, ಎಲ್ಲಿಗೆ ಹೋದ ಇವನು, ಮನೆಗೋ ಮಣ್ಣಿಗೋ. ರಾಕ್‌ವಿಲ್‌ನಿಂದ ಮೆಟ್ರೋ ಹಿಡಿದು ವಾಷಿಂಗ್ಟನ್ನಿನ ಈ ದಾಖಲೆಮನೆಗೆ ಬರುವುದು ಇದು ನಾಲ್ಕನೇ ಮಂಗಳವಾರ, ನಿಂಗ್ಯಾಕೆ ಇವರ ಸಿವಿಲ್ ವಾರ್ ಎಲ್ಲಾ, ಹೋಗ್ಲಿ ಟೈಮ್‌ಪಾಸ್ ಮಾಡು, ನಿನ್ನ ವೀಸಾದಲ್ಲಿ ಕೆಲಸ ಅಂತೂ ಮಾಡೋ ಹಾಗಿಲ್ಲ, ಎಂದು ಗುರುದತ್ ನಕ್ಕಿದ್ದ, ಗಂಡನಿಗೇನು ಗೊತ್ತು, ಇದು ಟೈಮ್‌ಪಾಸ್ ಅಲ್ಲ, ಈ ದೇಶಕ್ಕೆ ಬಂದ ಎರಡು ವರ್ಷದಲ್ಲಿ ಮೊದಲ ಸಲ ಯಾರೋ ಅವಳಿಂದ ಏನನ್ನೋ ಕೇಳಿದ್ದರು. ಪಕ್ಕದ ಮನೆಯ ಮಿಸೆಸ್ ಹಾರ್‌ಗ್ರೋವ್, ತೊಂಬತ್ತೊಂದು ವರ್ಷ, ಕಣ್ಣು ಮಂಜು, ಅವರ ಅಜ್ಜ ಏಮಸ್‌ನ ತಮ್ಮ ಸೈಲಸ್ ಅಣ್ಣನ ಜೊತೆ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ, ಹೇಗೆ ಸತ್ತನೆಂದು ಅಜ್ಜ ಬಾಯಿ ಬಿಡಲಿಲ್ಲ, ನಾನು ಹೋಗೋದರೊಳಗೆ ಅವನಿಗೊಂದು ಕಲ್ಲು ನಿಲ್ಲಿಸಬೇಕು ಮಗೂ, ನನ್ನ ಬದಲು ನೀನು ನೋಡು, ಎಂದಿದ್ದರು. ನಮ್ಮಲ್ಲಿ ಗುಲಾಮರಿರಲಿಲ್ಲ ಎಂದೂ ಕೇಳದೆಯೇ ಹೇಳಿದ್ದರು, ಹಾಗಾದರೆ ಯಾರ ಸಲುವಾಗಿ ಹೋದರು ಅಣ್ಣತಮ್ಮಂದಿರು, ಕೇಳಬೇಕೆನಿಸಿತ್ತು, ಕೇಳಲಿಲ್ಲ, ಮುಂದಿನ ಹೆಸರು, ಮುಂದಿನ ಹೆಸರು — ನಿಂತಳು. ಸೈಲಸ್, ವಯಸ್ಸು ಹತ್ತೊಂಬತ್ತು, ರೈತ. ಹಾಜರು. ಹಾಜರು. 1863ರ ಆಗಸ್ಟ್, ರಜೆಯಿಲ್ಲದೆ ಗೈರು, ಜೋಳ ಮುರಿಯುವ ಕಾಲ, ಊರಿಗೆ ನಡೆದುಬಿಟ್ಟನೇ ಹುಡುಗ, ಅಮ್ಮನೊಬ್ಬಳೇ ಹೊಲದಲ್ಲಿದ್ದಳೇ, ಮುಂದಿನ ಕಾರ್ಡು, ಬಂಧನದಲ್ಲಿ, ಅದರ ಮುಂದಿನದು, ಕೊನೆಯದು, ಸೊಟ್ಟ ಕೈಬರಹ, ಓಡಿಹೋದ ಅಪರಾಧಕ್ಕೆ ಸೈನಿಕ ನ್ಯಾಯಾಲಯದ ತೀರ್ಪಿನಂತೆ ಗುಂಡಿಕ್ಕಲಾಯಿತು. ಕೈ ಸುಮ್ಮನಿರದು, ಕುತೂಹಲಕ್ಕೆ ನಾಚಿಕೆಯಿಲ್ಲ, ಏಮಸ್ ಎಲ್ಲಿದ್ದ ಆಗ, ಹಿಂದೆ ತಿರುಗಿಸು, ಅದೇ ದಳ, ದಳದೊಳಗೆ ಅದೇ ತುಕಡಿ, ಅದೇ ತಿಂಗಳು — ಹಾಜರು.

ರೈಲಿನಲ್ಲಿ ಕೂತರೂ ಕಣ್ಣಿಗೆ ಪರದೆಯೇ. ದಾಖಲೆಮನೆಯಲ್ಲಿ ಪಕ್ಕದ ಯಂತ್ರದ ಮುಂದೆ ಕೂರುವ ಮುದುಕರೊಬ್ಬರು ಎಂದೋ ಹೇಳಿದ್ದರು, ಓಡಿಹೋದವನನ್ನು ಕೊಲ್ಲುವಾಗ ಇಡೀ ಪಡೆಯನ್ನು ಚೌಕದ ಮೂರು ಬದಿಗೆ ನಿಲ್ಲಿಸುತ್ತಿದ್ದರಂತೆ, ಎಲ್ಲರೂ ನೋಡಲಿ ಅಂತ, ನಾಲ್ಕನೆಯ ಬದಿ ಖಾಲಿ — ಮೂರು ಕಡೆ ಸಾಲು, ಒಂದು ಕಡೆ ಸೈಲಸ್. ಇದ್ದದ್ದನ್ನು ಹೇಳಲೇ, ಜ್ವರದಿಂದ ಹೋದನೆಂದುಬಿಡಲೇ, ಯಾರಿಗೆ ಗೊತ್ತಾಗುತ್ತದೆ, ನೂರಮೂವತ್ತೆರಡು ವರ್ಷ ಮುಚ್ಚಿಟ್ಟದ್ದನ್ನು ಮೈಸೂರಿನವಳೊಬ್ಬಳು ತೆಗೆಯಬೇಕೇ, ಆದರೆ ತನ್ನ ಕಣ್ಣಾಗು ಎಂದವರಿಗೆ ಕಂಡದ್ದನ್ನೇ ಅಲ್ಲವೇ ಹೇಳಬೇಕಾದ್ದು. ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು, ಮಿಸೆಸ್ ಹಾರ್‌ಗ್ರೋವ್ ಕಿಟಕಿಯ ಬಳಿ ಕೂತಿದ್ದರು, ಸಿಕ್ಕಿದನಾ ಎಂದರು, ಸಿಕ್ಕಿದ, ಬರೆದುಕೊಂಡದ್ದನ್ನು ಮೈಥಿಲಿ ಒಂದಕ್ಷರ ಬಿಡದೆ ಓದಿದಳು, ಫ್ರಿಜ್ಜಿನ ಸದ್ದು, ಹೊರಗೆ ಯಾರೋ ಎಲೆ ಗುಡಿಸುವ ಸದ್ದು, ಮುದುಕಿ, ಆಗ ಅಜ್ಜ ಎಲ್ಲಿದ್ದ ಎಂದರು. ಹಾಜರು ಅಂತಿದೆ. ಅಷ್ಟೇ ಇದೆಯಾ. ಅಷ್ಟೇ. ಯುದ್ಧ ಮುಗಿಸಿ ಬಂದ ಮೇಲೆ ಅಜ್ಜ ಕೊನೆವರೆಗೂ ಬಂದೂಕು ಮುಟ್ಟಲಿಲ್ಲ ಮಗೂ, ಕಾಗೆ ಓಡಿಸೋಕೂ ಮುಟ್ಟಲಿಲ್ಲ, ನಾವೆಲ್ಲ ಅಂಜುಬುರುಕ ಅಂತ ನಗ್ತಿದ್ವಿ — ಅವರ ಬೆರಳು ಮಡಿಲ ಬಟ್ಟೆಯನ್ನು ಮಡಿಚಿತು, ಬಿಚ್ಚಿತು — ಕಲ್ಲು ಅಜ್ಜನ ಪಕ್ಕದಲ್ಲೇ ಹಾಕಿಸೋಣ, ಹೆಸರು ಸಾಕು, ವಯಸ್ಸು ಹಾಕಿಸು, ಹತ್ತೊಂಬತ್ತು. ಆಗಲಿ ಎಂದಳು, ಕೈ ಹಿಡಿದುಕೊಂಡಳು, ಹಗುರ, ಒಣಎಲೆಯಂಥ ಕೈ, ಆದರೆ ತಲೆಯೊಳಗೆ ಹಿಡಿಕೆ ಇನ್ನೂ ತಿರುಗುತ್ತಲೇ ಇದೆ, ಗುಂಡು ಹಾರಿಸುವವರನ್ನು ಯಾವ ತುಕಡಿಯಿಂದ ಆರಿಸುತ್ತಿದ್ದರು, ಚೀಟಿ ಎತ್ತುತ್ತಿದ್ದರೇ, ಒಲ್ಲೆನೆಂದರೆ ಬಿಡುತ್ತಿದ್ದರೇ, ಮುಂದಿನ ಮಂಗಳವಾರ ಬೇರೆ ರೀಲು, ಬೇರೆ ಡಬ್ಬಿ — ಇಲ್ಲ, ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ, ಮೂರು ಕಡೆ ಸಾಲು, ಒಂದು ಕಡೆ ತಮ್ಮ, ಸಾಲಿನಲ್ಲಿ ಅಣ್ಣ, ಅವನ ಕೈ, ಅವನ ಕೈಯಲ್ಲಿ ಬಂದೂಕು —