ಸೋರುವ ಮರದ ಪೀಪಾಯಿ

ನಾಲಿಗೆಯ ತುದಿಗೆ ಮೊದಲು ಸುಟ್ಟ ಬೆಲ್ಲ, ಆಮೇಲೆ ಒಗರು, ಆಮೇಲೆ ಯಾವುದೋ ಮರ — ಹಲಸಲ್ಲ, ಗೇರಲ್ಲ, ಬಂದರಿನ ಗಡಂಗಿನಲ್ಲಿ ಹದಿನೈದು ವರ್ಷ ಸಾರಾಯಿ ಮಾರಿದ ಈ ನಾಲಿಗೆಗೆ ಗೊತ್ತಿಲ್ಲದ ಮರ, ಓಕ್ ಅಂತ ಹೇಳಿದ ಇಸಿದೋರ್, ಹಡಗಿನ ಅಡುಗೆಯವನು, ರಜೆಯಲ್ಲಿ ಊರಿಗೆ ಬಂದವನು, ಅಮೆರಿಕದ ಮೆಕ್ಕೆಜೋಳದ ಸಾರಾಯಿ ಇದು, ಮಾಯಿಲಪ್ಪ, ಬರ್ಬನ್ ಅಂತಾರೆ, ಅಲ್ಲಿ ಎಲ್ಲರೂ ಬಿಳಿ ಓಕಿನ ಪೀಪಾಯಿಯಲ್ಲಿ ಇಡುವುದು, ಇದು ಕೆಂಪು ಓಕ್, ಸೋರುವ ಮರ ಮಾರಾಯ, ಯಾರೂ ಮುಟ್ಟುವುದಿಲ್ಲ, ಅಲ್ಲಿರುವ ನಿನ್ನಣ್ಣ, ಮುದ್ದು, ಹಠ ಹಿಡಿದು ಒಂದೇ ಒಂದು ಪೀಪಾಯಿ ಸೋರದ ಹಾಗೆ ಕಟ್ಟಿದ್ದಾನೆ, ಅದರದ್ದೇ ಇದು. ಹೌದು, ಹಠ ಅಣ್ಣನದ್ದೇ, ಇಲ್ಲಿ ಮೀನೆಣ್ಣೆಯ ಪೀಪಾಯಿ ಕಟ್ಟುತ್ತಿದ್ದಾಗ ಒಂದು ಹನಿ ಜಿನುಗಿದರೂ ಪಟ್ಟಿಯೆಲ್ಲ ಬಿಚ್ಚಿ ಮೊದಲಿಂದ ಶುರು ಮಾಡುತ್ತಿದ್ದ — ಆದರೆ ಅಣ್ಣ ಸತ್ತಿದ್ದಾನಲ್ಲ, ಸಾಯಿಸಿದ್ದು ನಾವೇ ಅಲ್ಲವಾ, ಹಡಗು ಹತ್ತಿದವನ ಸುದ್ದಿಯೇ ಇಲ್ಲ ಎಂಟು ವರ್ಷ, ನನಗೆ ನೋಡಿದ ಮೂರು ಹೆಣ್ಣೂ ತಪ್ಪಿಹೋಯಿತು, ಬಲ್ಮೆ ನೋಡುವವನು ಕವಡೆ ಸರಿಸಿ ಹೇಳಿದ, ದೊಡ್ಡವ ನೀರಿನಲ್ಲಿ ತೀರಿಕೊಂಡಿದ್ದಾನೆ, ಮದುವೆಯಾಗದೆ ಹೋದವನ ಪ್ರೇತ, ಕುಲೆ, ತಮ್ಮನ ಮದುವೆಗೆ ಅಡ್ಡ ನಿಂತಿದೆ, ಅವನಿಗೂ ಸತ್ತ ಒಂದು ಹೆಣ್ಣು ಹುಡುಕಿ ಮದುವೆ ಮಾಡಿ.

ಮಾಡಿದೆವು, ಮೂರು ವರ್ಷದ ಹಿಂದೆ. ಬಜಪೆ ಕಡೆಯ ಮನೆಯ ಕಿನ್ನಿ, ಹಾಲುಹಲ್ಲು ಉದುರುವ ಮೊದಲೇ ಜ್ವರದಲ್ಲಿ ಹೋದ ಮಗು, ಬದುಕಿದ್ದರೆ ಪ್ರಾಯ ಸರಿಯಾಗುತ್ತಿತ್ತು ಎಂದು ಎರಡೂ ಮನೆಯವರು ಒಪ್ಪಿದರು, ಮಣೆಯ ಮೇಲೆ ಅವಳ ಹೆಸರಿನ ಸೀರೆ, ಪಕ್ಕದಲ್ಲಿ ಅವನು ಬಿಟ್ಟುಹೋದ ಬಿಳಿ ಅಂಗಿ, ಅಂಗಿಯ ತೋಳನ್ನು ಸೆರಗಿನ ಮೇಲೆ ಇಟ್ಟದ್ದು ನಾನು, ಧಾರೆಯ ನೀರು ಬಿದ್ದು ಒದ್ದೆಯಾದ ತೋಳು ಕೆಳಗೆ ಜಾರಿತು, ಎತ್ತಿ ಇಟ್ಟೆ, ಇವನು ನಿಜವಾಗಿ ಸತ್ತಿದ್ದಾನಾ ಎಂದು ಆ ಹೊತ್ತಿಗೆ ಅನ್ನಿಸಿತ್ತು ನನಗೆ, ಅನ್ನಿಸಿಯೂ ಸುಮ್ಮನಿದ್ದೆ, ನನಗೆ ನಳಿನಾಕ್ಷಿ ಬೇಕಿತ್ತು, ಮೂರು ತಿಂಗಳಲ್ಲಿ ಅವಳು ಹೆಂಡತಿಯಾಗಿ ಈ ಮನೆಗೆ ಬಂದಳು, ಅಮ್ಮನಿಗೂ ನಿದ್ದೆ ಹತ್ತಿತು, ಕನಸಿನಲ್ಲಿ ಬಂದಿದ್ರು ಮಗಾ ಇಬ್ರೂ, ಸುಖವಾಗಿದ್ದಾರೆ. ಎರಡನೆಯ ಗುಟುಕು. ಗಂಟಲು ಉರಿಯುತ್ತದೆ. ನಾಳೆ ಬೆಳಗ್ಗಿನ ರೈಲಿಗೆ ಇಸಿದೋರ್ ಹೊರಡುತ್ತಾನೆ, ಎಂತ ಹೇಳ್ಲಿ ನಿನ್ನಣ್ಣನಿಗೆ ಎಂದು ಕೇಳಿದ, ಕಾಗದ ಬರೆಯಲು ಅಕ್ಷರ ಬರದವ ಅವನು, ಇಷ್ಟು ವರ್ಷ ಸುಮ್ಮನೆ ಕೂತದ್ದಕ್ಕೆ ಅವನಿಗೇ ನಾಚಿಕೆ ಉಂಟು, ತಮ್ಮ ಬಾ ಅಂದ್ರೆ ಬರ್ತಾನಂತೆ, ಇಲ್ಲದಿದ್ರೆ ಅಲ್ಲೇ. ಬಾ. ಒಂದೇ ಅಕ್ಷರ. ಅಣ್ಣ ಜೀವಂತ ಇದ್ದಾನೆ ಎಂದು ಕುಣಿಯಬೇಕಿತ್ತು, ಹೆದರಿಕೆಯಾಗುತ್ತಿದೆ, ಅವನು ಮೆಟ್ಟಿಲು ಹತ್ತಿದರೆ ಅಮ್ಮ ನೋಡುವುದು ಮಗನನ್ನೋ ಕುಲೆಯನ್ನೋ, ಯಾಕೆ ಸಾಯಿಸಿದೆ ತಮ್ಮ ಎಂದು ಅವನು ಕೇಳಿದರೆ ನಾನು ನಳಿನಾಕ್ಷಿಯನ್ನು ತೋರಿಸಬೇಕಾ.

ಮಗಾ, ಎಂತದರ ಪರಿಮಳ ಅದು — ಅಮ್ಮ, ಚಾವಡಿಯಿಂದ, ಇವತ್ತು ಆಟಿಯ ಅಮಾವಾಸ್ಯೆ, ಸತ್ತವರಿಗೆ ಬಡಿಸುವ ದಿನ, ಎರಡು ಎಲೆ ಹಾಕಿದ್ದಾಳೆ, ಕೋಳಿ, ಅಕ್ಕಿ ರೊಟ್ಟಿ, ಒಂದು ಎಲೆ ಅವನದ್ದು, ಒಂದು ಕಿನ್ನಿಯದ್ದು. ಇಸಿದೋರ್ ತಂದದ್ದಮ್ಮ. ಒಳ್ಳೇದುಂಟಾ. ಉಂಟು. ಹಾಗಾದ್ರೆ ನೀನು ಆಮೇಲೆ ಕುಡಿ, ಮೊದಲು ಅಣ್ಣನಿಗೆ ಇಡು, ಹೊಸತು ಅಂದ್ರೆ ಅವನಿಗೆ ಆಸೆ. ಈಗ ಹೇಳಬೇಕು, ಈಗಲೇ, ಬಾಯಿ ತೆರೆಯುತ್ತೇನೆ, ಬಾಯಿ ತುಂಬ ಆ ಮರದ್ದೇ ವಾಸನೆ, ಕೈ ಅಷ್ಟರಲ್ಲಿ ಬಾಟ್ಲಿ ಬಗ್ಗಿಸಿ ಆಗಿದೆ, ಅವನೇ ಕಟ್ಟಿದ ಪೀಪಾಯಿಯದ್ದು ಅವನದೇ ಎಲೆಯ ಮುಂದೆ, ಲೋಟ ತುಂಬಿತು, ಅಂಚಿನವರೆಗೆ, ತಗೋ ಮಗಾ ಎಂದು ಅಮ್ಮ ಕೈ ಮುಗಿಯುತ್ತಾಳೆ, ಸತ್ತವರು ಉಣ್ಣುವಾಗ ನೋಡಬಾರದು, ಬಾಗಿಲು ಎಳೆದುಕೊಂಡು ಇಬ್ಬರೂ ಹೊರಗೆ ನಿಲ್ಲುತ್ತೇವೆ, ಒಳಗೆ ಲೋಟ ಇದೆ, ತುಂಬಿದ ಲೋಟ, ಅಮ್ಮನ ಉಸಿರು ಕೇಳುತ್ತದೆ, ಬಾ ಅನ್ನು, ಅನ್ನು, ಅಮ್ಮ ಬಾಗಿಲು ತೆರೆದು ಬಗ್ಗಿ ನೋಡುತ್ತಾಳೆ, ಅವಳ ಮುಖ ಅರಳುತ್ತದೆ, ಕುಡಿದಿದ್ದಾನೆ ಮಗಾ, ನೋಡು, ಕಡಿಮೆಯಾಗಿದೆ ಅಲ್ವಾ. ಹೌದಮ್ಮ ಎನ್ನುತ್ತೇನೆ, ಹೌದು — ಲೋಟ ತುಂಬಿಯೇ ಇದೆ, ಅಂಚಿನವರೆಗೆ, ಲೋಟ ತುಂಬಿಯೇ ಇದೆ